ಜೋಹಾನ್ಸ್‌ಬರ್ಗ್‌ಗೆ ಕೆಲಸದ ಮೇಲೆ ಹೊರಟಿದ್ದೀರಾ? ಬಾಡಿಗಾರ್ಡ್ ಗೊತ್ತು ಮಾಡುವ ಮುಂಚೆ ಇದನ್ನು ಓದಿ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಫ್ಯಾಕ್ಟರಿ ಇದೆ. ಗಣಿಯಲ್ಲಿ ಓಡುವ ಯಂತ್ರಗಳಿಗೆ ಹೈಡ್ರಾಲಿಕ್ ಸಿಲಿಂಡರ್ ಮಾಡುತ್ತೇವೆ. ಮಾಲು ಜಾಸ್ತಿ ಹೋಗುವುದು ದಕ್ಷಿಣ ಆಫ್ರಿಕಾಕ್ಕೆ. ಎಕ್ಸ್‌ಪೋರ್ಟ್ ನೋಡಿಕೊಳ್ಳುವವಳು ನಾನು. ವರ್ಷಕ್ಕೆ ಎರಡು ಸಲ ನಾನೇ ಜೋಹಾನ್ಸ್‌ಬರ್ಗ್‌ಗೆ ಹೋಗಿ ಬರುತ್ತೇನೆ. ನಡುವೆ ಫಿಟ್ಟಿಂಗ್, ರಿಪೇರಿ ಅಂತ ಸರ್ವಿಸ್ ಹುಡುಗರನ್ನು ಕಳಿಸುತ್ತೇನೆ.

2017ರಲ್ಲಿ ನಮ್ಮ ಹುಡುಗನೊಬ್ಬ ಮೊದಲ ಸಲ ಅಲ್ಲಿಗೆ ಹೋದ. ಆಗ ಅವನಿಗೆ 26 ವರ್ಷ. ಓ.ಆರ್. ಟಾಂಬೋ ಏರ್‌ಪೋರ್ಟ್‌ನಲ್ಲಿ ಇಳಿದ. ಅಲ್ಲೇ ಕೌಂಟರ್‌ನಲ್ಲಿ ಡಾಲರ್ ಕೊಟ್ಟು ರ‍್ಯಾಂಡ್ ತಗೊಂಡ. ಗ್ರಾಹಕರು ಕಳಿಸಿದ್ದ ಕಾರು ಹತ್ತಿದ. ಹೋಟೆಲ್ ಗೇಟ್ ತೆರೆಯಲಿ ಅಂತ ಕಾರು ನಿಂತಿದ್ದು ಅರ್ಧ ನಿಮಿಷ. ಅಷ್ಟರಲ್ಲಿ ಹಿಂದೆ ಇನ್ನೊಂದು ಕಾರು ಬಂದು ಅಡ್ಡ ನಿಂತಿತು. ಮೂರು ಜನ, ಒಬ್ಬನ ಕೈಯಲ್ಲಿ ಪಿಸ್ತೂಲು. ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ದುಡ್ಡು, ಅವನ ಅಕ್ಕ ಕೊಡಿಸಿದ್ದ ವಾಚು, ಎಲ್ಲ ಹೋಯಿತು. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಪೊಲೀಸ್ ಸ್ಟೇಷನ್‌ನಲ್ಲಿ ಕೇಸ್ ನಂಬರ್ ಬರೆಸಿಕೊಂಡು, ಜೋಹಾನ್ಸ್‌ಬರ್ಗ್‌ನ ಭಾರತೀಯ ಕಾನ್ಸುಲೇಟ್‌ಗೆ ಅಲೆದು, ಎಮರ್ಜೆನ್ಸಿ ಸರ್ಟಿಫಿಕೇಟ್ ಪಡೆದು ವಾಪಸ್ ಬಂದ.

ಆ ವಾರ ಅವನ ಅಮ್ಮ ಹಾಸನದಿಂದ ನನಗೆ ಫೋನ್ ಮಾಡಿದರು. ಬೈಯಲಿಲ್ಲ. "ಮೇಡಂ, ಅವನನ್ನ ಅಲ್ಲಿ ಯಾರ ಕೈಗೆ ಒಪ್ಪಿಸಿದ್ರಿ?" ಅಂತ ಕೇಳಿದರು ಅಷ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಯಾರ ಕೈಗೂ ಒಪ್ಪಿಸಿರಲಿಲ್ಲ. ಟಿಕೆಟ್ ಮಾಡಿಸಿದ್ದೆ, ಹೋಟೆಲ್ ಬುಕ್ ಮಾಡಿದ್ದೆ, ಮಿಕ್ಕಿದ್ದು ಆಗುತ್ತೆ ಅಂದುಕೊಂಡಿದ್ದೆ.

ಅವತ್ತಿನಿಂದ ಯಾರನ್ನೇ ಕಳಿಸಲಿ, ಆ ಪ್ರಶ್ನೆಗೆ ಹೆಸರು, ನಂಬರ್ ಸಮೇತ ಉತ್ತರ ಇಟ್ಟುಕೊಂಡೇ ಕಳಿಸುತ್ತೇನೆ. ಆ ಉತ್ತರ ಹೇಗೆ ಸಿದ್ಧ ಮಾಡಿಕೊಳ್ಳಬೇಕು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ನಿಮಗೆ ನಿಜವಾಗಿ ಎಷ್ಟು ಬೇಕು?

ದಕ್ಷಿಣ ಆಫ್ರಿಕಾದಲ್ಲಿ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ 27 ಸಾವಿರಕ್ಕೂ ಜಾಸ್ತಿ ಕೊಲೆಗಳು ಪೊಲೀಸ್ ಲೆಕ್ಕಕ್ಕೆ ಬಂದಿವೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಬರುವ ಅಪಾಯ ಹೆಚ್ಚಾಗಿ ಬೇರೆ ಥರದ್ದು. ಏರ್‌ಪೋರ್ಟ್‌ನಿಂದ ಹಿಂಬಾಲಿಸಿ ಬಂದು ದೋಚುವುದು, ಸಿಗ್ನಲ್‌ನಲ್ಲಿ ಗಾಜು ಒಡೆದು ಬ್ಯಾಗು ಕಿತ್ತುಕೊಳ್ಳುವುದು, ನೀಲಿ ದೀಪ ಹಾಕಿಕೊಂಡು ಪೊಲೀಸರ ವೇಷದಲ್ಲಿ ಕಾರು ತಡೆಯುವುದು, ಕಾರನ್ನೇ ಕಸಿದುಕೊಂಡು ಹೋಗುವುದು. ಗಮನಿಸಿ, ಇವೆಲ್ಲ ನಡೆಯುವುದು ಕಾರಿನ ಸುತ್ತ. ಅದಕ್ಕೇ ನಾನು ಮೊದಲು ಹುಡುಕುವುದು ಒಳ್ಳೆಯ ಡ್ರೈವರ್‌ನನ್ನು. ಬಂದೂಕಿನ ಮಾತು ಆಮೇಲೆ.

ನಿಮ್ಮ ಕೆಲಸವೆಲ್ಲ ಜೋಹಾನ್ಸ್‌ಬರ್ಗ್‌ನ ಆಫೀಸು, ಹೋಟೆಲ್‌ಗಳ ಏರಿಯಾ ಸ್ಯಾಂಡ್‌ಟನ್‌ನಲ್ಲೇ ಇದ್ದರೆ, ಅಂದರೆ ದೊಡ್ಡ ಹೋಟೆಲ್, ಅದರ ಪಕ್ಕದಲ್ಲೇ ಮೀಟಿಂಗ್, ಹಗಲಿನಲ್ಲೇ ಎಲ್ಲ ಮುಗಿಯುತ್ತದೆ ಅಂತಾದರೆ, ಬಾಡಿಗಾರ್ಡ್ ಬೇಕಾಗುವುದಿಲ್ಲ. ಏರ್‌ಪೋರ್ಟ್ ಒಳಗಿನಿಂದಲೇ ಗೌಟ್ರೇನ್ ಅನ್ನುವ ವೇಗದ ರೈಲು ಇದೆ. ಸುಮಾರು 15 ನಿಮಿಷಕ್ಕೆ ಸ್ಯಾಂಡ್‌ಟನ್ ತಲುಪಿಸುತ್ತದೆ. ಅಲ್ಲಿಂದ ಹೋಟೆಲ್ ಕಾರು ಕರೆಸಿಕೊಳ್ಳಿ. ದುಡ್ಡು ಉಳಿಯಿತು.

ನಮ್ಮ ಕೆಲಸ ಹಾಗಲ್ಲ. ಜರ್ಮಿಸ್ಟನ್ ಪಕ್ಕದ ವೇಡ್‌ವಿಲ್‌ನಲ್ಲಿ ವರ್ಕ್‌ಶಾಪುಗಳು, ಅಲ್ಲಿಂದ ನೂರಕ್ಕೂ ಜಾಸ್ತಿ ಕಿಲೋಮೀಟರ್ ಆಚೆ ರಸ್ಟನ್‌ಬರ್ಗ್‌ನ ಪ್ಲಾಟಿನಂ ಗಣಿಗಳು. ಶಿಫ್ಟ್ ಮುಗಿದ ಮೇಲೆ ಕತ್ತಲಲ್ಲಿ ವಾಪಸ್ ಬರಬೇಕು. ಇಂಥ ಕೆಲಸಕ್ಕೆ ಜನ ಬೇಕೇ ಬೇಕು. ಅದರಲ್ಲೂ ಹಂತಗಳಿವೆ. ಭದ್ರತೆಯ ತರಬೇತಿ ಪಡೆದ ಡ್ರೈವರ್ ಒಬ್ಬ. ಅದಕ್ಕಿಂತ ಮೇಲೆ, ಡ್ರೈವರ್ ಜೊತೆ ಸಿಪಿಒ ಒಬ್ಬ. ಅಲ್ಲಿ ಬಾಡಿಗಾರ್ಡ್ ಅಂದರೆ ಸಿನಿಮಾ ಮಾತು, ಈ ಕೆಲಸದವರು ಹೇಳುವುದು ಕ್ಲೋಸ್ ಪ್ರೊಟೆಕ್ಷನ್ ಆಫೀಸರ್, ಚಿಕ್ಕದಾಗಿ ಸಿಪಿಒ. ಇನ್ನೂ ಮೇಲೆ, ಹಿಂದೆ ಎರಡನೇ ಗಾಡಿ, ಅದರಲ್ಲಿ ಬಂದೂಕು ಇರುವ ಜನ. ನಾನು ನಗರದೊಳಗೆ ಒಬ್ಬ ಡ್ರೈವರ್, ರಸ್ಟನ್‌ಬರ್ಗ್‌ಗೆ ಡ್ರೈವರ್ ಮತ್ತು ಸಿಪಿಒ, ಇಷ್ಟು ತಗೊಳ್ಳುತ್ತೇನೆ. ಎರಡನೇ ಗಾಡಿ ಒಂದು ಸಲವೂ ಬೇಕಾಗಿಲ್ಲ. ಸುಮ್ನೆ ದೊಡ್ಡ ಪಟಾಲಂ ಕಟ್ಟಿಕೊಂಡು ಹೋದರೆ ಒಳಗಿರುವವನು ಯಾರೋ ದುಡ್ಡಿರುವ ಕುಳ ಅಂತ ನಾವೇ ಸಾರಿದಂತೆ.

ಲೈಸೆನ್ಸ್: ಇಲ್ಲಿ ಮಾತ್ರ ರಾಜಿ ಇಲ್ಲ

ಆ ದೇಶದಲ್ಲಿ ಖಾಸಗಿ ಭದ್ರತೆ ಅನ್ನುವುದು ದೊಡ್ಡ ಉದ್ಯಮ. ಪೊಲೀಸರು ಎರಡು ಲಕ್ಷದೊಳಗೆ, ಖಾಸಗಿ ಗಾರ್ಡ್‌ಗಳು 5 ಲಕ್ಷಕ್ಕೂ ಜಾಸ್ತಿ. ಇವರನ್ನೆಲ್ಲ ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರದ ಹೆಸರು ಪಿಎಸ್‌ಐಆರ್‌ಎ. 2001ರ ಕಾಯ್ದೆಯ ಪ್ರಕಾರ ಬಂದದ್ದು. ಮುಖ್ಯ ಕಚೇರಿ ಪ್ರಿಟೋರಿಯಾ ಪಕ್ಕದ ಸೆಂಚುರಿಯನ್‌ನಲ್ಲಿದೆ. ನಮ್ಮಲ್ಲಿ ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಪಸಾರಾ ಕಾಯ್ದೆ ಇದೆಯಲ್ಲ, ಅದರಲ್ಲಿ ಲೈಸೆನ್ಸ್ ಸಿಗುವುದು ಏಜೆನ್ಸಿಗೆ. ಅಲ್ಲಿ ಹಾಗಲ್ಲ. ಕಂಪನಿಯೂ ನೋಂದಣಿ ಆಗಿರಬೇಕು, ಅದರಲ್ಲಿ ಕೆಲಸ ಮಾಡುವ ಒಬ್ಬೊಬ್ಬ ಗಾರ್ಡೂ ತನ್ನ ಹೆಸರಲ್ಲಿ ನೋಂದಣಿ ಆಗಿರಬೇಕು. ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಕಂಪನಿಯ ಕಾಗದ ನೋಡಿ ಸುಮ್ಮನಾಗುತ್ತಾರೆ.

ನಾನೂ ಮರೆತಿದ್ದೆ. 2018ರಲ್ಲಿ ಪರಿಚಯದವರೊಬ್ಬರ ಮೂಲಕ ಒಬ್ಬರನ್ನು ಗೊತ್ತು ಮಾಡಿದೆವು. ಆರೂಕಾಲು ಅಡಿ ಆಳು, ಕಪ್ಪು ಕನ್ನಡಕ, ಸೊಂಟದಲ್ಲಿ ಪಿಸ್ತೂಲು. ನೋಡಿದರೆ ಧೈರ್ಯ ಬರಬೇಕು, ಹಾಗಿದ್ದರು. ಎರಡನೇ ದಿನ ಬೆಳಗ್ಗೆ ನೋಂದಣಿ ಕಾರ್ಡ್ ತೋರಿಸಿ ಅಂದೆ. ಮನೆಯಲ್ಲಿದೆ ಅಂದರು. ನಂಬರ್ ಹೇಳಿ ಅಂದೆ. ಹೇಳಿದರು. ಹೋಟೆಲ್ ಲಾಬಿಯಲ್ಲೇ ಕೂತು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಆ ನಂಬರ್ ಚಾಲ್ತಿಯಲ್ಲಿರಲಿಲ್ಲ. ಹಾಗಾದರೆ ಆ ಪಿಸ್ತೂಲಿಗೆ ಪರವಾನಗಿ ಇತ್ತಾ? ಕೇಳಲು ನನಗೆ ಧೈರ್ಯ ಬರಲಿಲ್ಲ. ಆ ದಿನದ ದುಡ್ಡು ಕೊಟ್ಟು ಕಳಿಸಿಬಿಟ್ಟೆವು. ಹಿಂದಿನ ದಿನ ಪೂರ್ತಿ ಅವರ ಪಕ್ಕ ಕೂತು ಓಡಾಡಿದ್ದೆ ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಈಗ ನಾನು ಮಾಡುವುದು ಹೀಗೆ. ಹೊರಡುವುದಕ್ಕೆ ಮೂರು ವಾರ ಮುಂಚೆ ಎರಡು ಮೂರು ಕಂಪನಿಗಳಿಗೆ ಮೇಲ್ ಹಾಕುತ್ತೇನೆ. ಕಂಪನಿಯ ನೋಂದಣಿ ನಂಬರ್ ಕೇಳುತ್ತೇನೆ. ಜೊತೆಗೆ 'ಲೆಟರ್ ಆಫ್ ಗುಡ್ ಸ್ಟ್ಯಾಂಡಿಂಗ್' ಕೇಳುತ್ತೇನೆ. ಕಂಪನಿ ಪ್ರಾಧಿಕಾರಕ್ಕೆ ಕಟ್ಟಬೇಕಾದ್ದನ್ನು ಕಟ್ಟಿದೆ, ಅದರ ಕಡೆಯಿಂದ ಏನೂ ಬಾಕಿಯಿಲ್ಲ ಅಂತ ಪ್ರಾಧಿಕಾರವೇ ಕೊಡುವ ಪತ್ರ ಅದು. ಹಳೆಯ ತಾರೀಖಿನದು ಕಳಿಸಿದರೆ ಹೊಸದು ಕೇಳಿ. ಆಮೇಲೆ, ನಮ್ಮ ಜೊತೆ ಬರುವ ಡ್ರೈವರ್ ಮತ್ತು ಸಿಪಿಒ ಇಬ್ಬರ ಹೆಸರು, ಫೋಟೋ, ನೋಂದಣಿ ನಂಬರ್, ಗ್ರೇಡ್. ಗ್ರೇಡ್ 'ಇ'ಯಿಂದ 'ಎ'ವರೆಗೆ ಇದೆ, 'ಎ' ಎಲ್ಲಕ್ಕಿಂತ ಮೇಲೆ. ಗ್ರೇಡ್ ಇದ್ದ ಮಾತ್ರಕ್ಕೆ ಸಿಪಿಒ ಆಗುವುದಿಲ್ಲ. ಆ ಕೆಲಸಕ್ಕೆ ಬೇರೆಯೇ ತರಬೇತಿ ಇದೆ, ಅದರ ಸರ್ಟಿಫಿಕೇಟ್ ಬೇರೆ ಕೇಳಬೇಕು. ಮಾಲ್ ಗೇಟಿನಲ್ಲಿ ನಿಲ್ಲುವವರಿಗೆ ಕೋಟು ಹಾಕಿಸಿ ಕಳಿಸುವವರೂ ಇದ್ದಾರೆ.

ಬಂದ ನಂಬರ್‌ಗಳನ್ನೆಲ್ಲ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನಾನೇ ಹಾಕಿ ನೋಡುತ್ತೇನೆ. ಕಂಪನಿ ಕಳಿಸಿದ ಸ್ಕ್ರೀನ್‌ಶಾಟ್ ನಂಬುವುದಿಲ್ಲ. ಐದು ನಿಮಿಷದ ಕೆಲಸ.

ಬಂದೂಕು ಇರುವವರನ್ನು ತಗೊಂಡರೆ ಇನ್ನೊಂದಿಷ್ಟು ಕಾಗದ. ಅಲ್ಲಿನ 2000ದ ಬಂದೂಕು ಕಾಯ್ದೆಯ ಪ್ರಕಾರ ಆಯುಧದ ಲೈಸೆನ್ಸ್ ಕಂಪನಿಯ ಹೆಸರಲ್ಲಿರುತ್ತದೆ. ಅದನ್ನು ಹಿಡಿಯುವ ಆಳಿಗೆ ಕಾಂಪಿಟೆನ್ಸಿ ಸರ್ಟಿಫಿಕೇಟ್, ಅಂದರೆ ಬಂದೂಕು ಹಿಡಿಯಲು ಅರ್ಹ ಅನ್ನುವ ಪತ್ರ, ಬೇರೆ ಇರಬೇಕು. ಕೆಲಸದ ಮೇಲೆ ಬಂದೂಕು ಹಿಡಿಯುವವರು ವರ್ಷಕ್ಕೊಮ್ಮೆಯಾದರೂ ಗುಂಡು ಹಾರಿಸುವ ಅಭ್ಯಾಸ ಮಾಡಬೇಕು ಅಂತ ನಿಯಮ. ಕೊನೆಯ ಸಲ ಯಾವಾಗ ಮಾಡಿದ್ದು ಅಂತ ಕೇಳಿ. ಸರಿಯಾದ ಕಂಪನಿ ತಾರೀಖು ಹೇಳುತ್ತದೆ. ಸರಿ ಇಲ್ಲದ್ದು ಮಾತು ತೇಲಿಸುತ್ತದೆ.

ಕೆಲವರು ನನ್ನನ್ನು ಕೇಳುತ್ತಾರೆ, ಬೆಂಗಳೂರಿನಿಂದಲೇ ನಮ್ಮ ಗಾರ್ಡ್ ಒಬ್ಬರನ್ನು ಕರೆದುಕೊಂಡು ಹೋದರೆ ಆಗಲ್ವಾ ಅಂತ. ಆಗುವುದಿಲ್ಲ. ಅಲ್ಲಿನ ನೋಂದಣಿಗೆ ಆ ದೇಶದ ನಾಗರಿಕರೋ ಕಾಯಂ ವಾಸಿಯೋ ಆಗಿರಬೇಕು. ಇಲ್ಲಿನ ಏಜೆನ್ಸಿಯ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ನೋಂದಣಿ ಇಲ್ಲದವರನ್ನು ಗೊತ್ತಿದ್ದೂ ನೇಮಿಸಿಕೊಂಡರೆ ನೇಮಿಸಿಕೊಂಡವರ ಮೇಲೂ ಕೇಸ್ ಆಗುತ್ತದೆ. ಅಲ್ಲದೆ ಮೆಜೆಸ್ಟಿಕ್ ಬಿಟ್ಟು ಬೇರೆ ಊರು ಕಾಣದ ಗಾರ್ಡ್, ಜರ್ಮಿಸ್ಟನ್‌ನ ಗಲ್ಲಿಗಳಲ್ಲಿ ಯಾವ ದಾರಿ ಹಿಡಿಯಬೇಕು ಅಂತ ಹೇಗೆ ಹೇಳಿಯಾನು?

ಫೋನಿನಲ್ಲಿ ಮಾತಾಡಿ, ಮೇಲ್ ಸಾಲದು

ಕಾಗದವೆಲ್ಲ ಸರಿ ಬಂದ ಮೇಲೆ ನಾನು ಹತ್ತು ನಿಮಿಷ ವಿಡಿಯೋ ಕಾಲ್ ಮಾಡುತ್ತೇನೆ. ಮಾರ್ಕೆಟಿಂಗ್‌ನವರ ಜೊತೆಯಲ್ಲ, ಕಾರು ಓಡಿಸುವವರ ಜೊತೆ. ಅಲ್ಲಿಯ ಸಮಯ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಅವರ ಬೆಳಗ್ಗೆ ಹತ್ತು ನಮಗೆ ಒಂದೂವರೆ, ಇಬ್ಬರಿಗೂ ಅನುಕೂಲ.

ನನ್ನ ಪ್ರಶ್ನೆಗಳು ಸಾದಾ. ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ ಯಾವ ದಾರಿ, ಅದು ಬಂದ್ ಆದರೆ ಇನ್ನೊಂದು ಯಾವುದು? ಹಿಂದೆ ಒಂದು ಕಾರು ಬಿಡದೆ ಬರುತ್ತಿದೆ ಅನ್ನಿಸಿದರೆ ಏನು ಮಾಡುತ್ತೀರಿ? ನೀಲಿ ದೀಪದ ಕಾರು ನಿಲ್ಲಿಸಿ ಅಂದರೆ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ನೀವೂ ತಿಳಿದಿರಿ. ಓಡಿಸಿಕೊಂಡು ಪರಾರಿ ಆಗುವುದಲ್ಲ, ಕತ್ತಲಲ್ಲಿ ನಿಲ್ಲಿಸುವುದೂ ಅಲ್ಲ. ವೇಗ ಇಳಿಸಿ, ಹಜಾರ್ಡ್ ಲೈಟ್ ಹಾಕಿ, ನನ್ನ ಹಿಂದೆ ಬನ್ನಿ ಅಂತ ಕೈ ಸನ್ನೆ ಮಾಡಿ, ನಿಧಾನವಾಗಿ ಹತ್ತಿರದ ಪೊಲೀಸ್ ಸ್ಟೇಷನ್‌ಗೋ ಬೆಳಕಿರುವ ಪೆಟ್ರೋಲ್ ಬಂಕ್‌ಗೋ ಹೋಗಿ ನಿಲ್ಲಿಸಬೇಕು. ಅಷ್ಟರಲ್ಲಿ 10111ಕ್ಕೆ ಫೋನ್ ಮಾಡಬೇಕು. ಅದು ಅಲ್ಲಿನ ಪೊಲೀಸ್ ನಂಬರ್. ಮೊಬೈಲಿನಿಂದ 112 ಕೂಡ ಹೋಗುತ್ತದೆ.

ಇನ್ನೊಂದು ಪ್ರಶ್ನೆ ನನಗೆ ಕಲಿಸಿದವರು ಒಬ್ಬ ಸಿಪಿಒ. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಮ್ಮಿ. ಮೊದಲ ದಿನ ನಾನು "ಗನ್ ಎಲ್ಲಿಟ್ಟುಕೊಂಡಿದ್ದೀರಿ?" ಅಂದೆ. ಅವರು ಡಿಕ್ಕಿ ತೆರೆದು ಕೆಂಪು ಚೀಲ ಒಂದನ್ನು ಎಳೆದು ಮುಂದಿಟ್ಟರು. ಒಳಗೆ ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ, ಗಾಯಕ್ಕೆ ತುರುಕುವ ಬಟ್ಟೆ, ಕತ್ತರಿ, ಗ್ಲೌಸ್. ಪಟ್ಟಿಯ ಪ್ಲಾಸ್ಟಿಕ್ ಕವರ್ ಮೊದಲೇ ಹರಿದಿತ್ತು, ಕತ್ತಲಲ್ಲಿ ಒಂದೇ ಕೈಯಲ್ಲಿ ಎಳೆಯಲು ಆಗಲಿ ಅಂತ. "ಮೇಡಂ, ಇಪ್ಪತ್ತು ವರ್ಷದಲ್ಲಿ ನಾನು ಜಾಸ್ತಿ ತೆಗೆದಿದ್ದು ಇದನ್ನೇ" ಅಂದರು. ಆಮೇಲೆ ಫೋನಿನಲ್ಲಿ ಮ್ಯಾಪ್ ತೆರೆದು, ಇವತ್ತು ನಾವು ಹೋಗುವ ದಾರಿಯಲ್ಲಿ ಎಲ್ಲಿ ಏನಾದರೂ ಆದರೆ ಯಾವ ಆಸ್ಪತ್ರೆಗೆ ತಿರುಗುತ್ತೇನೆ ಅಂತ ಒಂದೊಂದಾಗಿ ತೋರಿಸಿದರು. ಅವತ್ತಿನಿಂದ ಪ್ರಥಮ ಚಿಕಿತ್ಸೆಯ ತರಬೇತಿ ಮತ್ತು ಆಸ್ಪತ್ರೆ ಪಟ್ಟಿ ಇಲ್ಲದವರನ್ನು ನಾನು ತಗೊಂಡಿಲ್ಲ.

ಕಾಗದ, ದುಡ್ಡು

ಕೊಟೇಷನ್ ಓದುವಾಗ ಒಂದೊಂದು ಸಾಲೂ ನೋಡಿ. ದಿನ ಅಂದರೆ ಎಷ್ಟು ಗಂಟೆ? ಹೆಚ್ಚಾಗಿ 12 ಗಂಟೆ ಲೆಕ್ಕ, ಅದರ ಮೇಲೆ ಓವರ್‌ಟೈಮ್. ಎಷ್ಟು ಕಿಲೋಮೀಟರ್ ಸೇರಿದೆ? ರಸ್ಟನ್‌ಬರ್ಗ್‌ಗೆ ಹೋಗಿ ಬಂದರೆ ಆ ಮಿತಿ ಒಂದೇ ದಿನಕ್ಕೆ ದಾಟುತ್ತದೆ. ಟೋಲ್, ಪೆಟ್ರೋಲ್, ಊಟ, ರಾತ್ರಿ ತಂಗಿದರೆ ಅವರ ರೂಮು ಯಾರ ಖರ್ಚು? ತೋರಿಸಿದ ರೇಟ್‌ಗೆ ವ್ಯಾಟ್ ಸೇರಿದೆಯಾ? ಅಲ್ಲಿ 15 ಪರ್ಸೆಂಟ್ ವ್ಯಾಟ್. ಬಿಲ್ ಬಂದಾಗ ಬೆಚ್ಚಿಬೀಳಬಾರದು ಅಂದರೆ ಮೊದಲೇ ಕೇಳಿ.

ಒಪ್ಪಂದದಲ್ಲಿ ನಾನು ತಪ್ಪದೆ ಬರೆಸುವ ಎರಡು ಮಾತುಗಳಿವೆ. ಹೆಸರು ಕೊಟ್ಟ ಆಳೇ ಬರಬೇಕು, ಬದಲಾದರೆ 24 ಗಂಟೆ ಮುಂಚೆ ಹೊಸಬರ ಕಾಗದ ಕಳಿಸಬೇಕು. ಇನ್ನೊಂದು, ಕೆಲಸವನ್ನು ಬೇರೆ ಕಂಪನಿಗೆ ದಾಟಿಸಬಾರದು. ದೊಡ್ಡ ಹೆಸರಿನವರಿಗೆ ದುಡ್ಡು ಕೊಟ್ಟು, ಬಾಗಿಲಿಗೆ ಬಂದವರು ಇನ್ಯಾರೋ ಆಗುವುದು ಈ ವ್ಯವಹಾರದಲ್ಲಿ ಹೊಸದಲ್ಲ. ಅವರ ಹೊಣೆಗಾರಿಕೆ ಇನ್ಶೂರೆನ್ಸ್ ಪ್ರತಿಯನ್ನೂ ತರಿಸಿಕೊಳ್ಳಿ.

ದುಡ್ಡು ಕಂಪನಿಯ ಖಾತೆಗೆ, ಬ್ಯಾಂಕಿನ ಮೂಲಕವೇ ಹೋಗಲಿ. ನಮ್ಮ ಬ್ಯಾಂಕ್ ವಿದೇಶಕ್ಕೆ ದುಡ್ಡು ಕಳಿಸಲು ತುಂಬುವ ಎ2 ಫಾರ್ಮ್, ಇನ್‌ವಾಯ್ಸ್ ಎಲ್ಲ ಕೇಳುತ್ತದೆ, ನಾಲ್ಕೈದು ದಿನ ಹಿಡಿಯುತ್ತದೆ. ಅದಕ್ಕೇ ಮೂರು ವಾರ ಮುಂಚೆ ಶುರು ಮಾಡಿ ಅಂದದ್ದು. ಏರ್‌ಪೋರ್ಟ್‌ನಲ್ಲಿ ಕೈಗೆ ಕ್ಯಾಶ್ ಕೊಡಿ ಅನ್ನುವವರನ್ನು ಬಿಟ್ಟುಬಿಡಿ.

ಇಳಿದ ಮೊದಲ ಒಂದು ಗಂಟೆ

ನಮ್ಮ ಹುಡುಗನಿಗೆ ಆದದ್ದು ಈ ಒಂದು ಗಂಟೆಯಲ್ಲಿ. ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹಗಲು ಇಳಿಯುವ ಫ್ಲೈಟ್ ಹಿಡಿಯಿರಿ, ಎರಡು ಮೂರು ಸಾವಿರ ಜಾಸ್ತಿಯಾದರೂ. ಬ್ಯಾಗಿನ ಮೇಲೆ ಕಂಪನಿಯ ಲೋಗೋ ಬೇಡ. ಏರ್‌ಪೋರ್ಟ್‌ನಲ್ಲಿ ದುಡ್ಡು ಬದಲಾಯಿಸಬೇಡಿ. ಆ ಕೌಂಟರ್‌ಗಳ ಸುತ್ತಲೇ ಕಣ್ಣಿಟ್ಟು ನಿಲ್ಲುವವರಿದ್ದಾರೆ. ಸ್ವಲ್ಪ ರ‍್ಯಾಂಡ್ ಬೆಂಗಳೂರಿನಲ್ಲೇ ತಗೊಳ್ಳಿ, ಮಿಕ್ಕಿದ್ದಕ್ಕೆ ಕಾರ್ಡ್.

ಕರೆದುಕೊಂಡು ಹೋಗಲು ಬಂದವರ ಕೈಯಲ್ಲಿ ನಿಮ್ಮ ಹೆಸರಿನ ಬೋರ್ಡ್ ಇರಬಾರದು. ಹೆಸರು ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದು. ನಾವು ಮೊದಲೇ ಒಂದು ಪದ ಮಾತಾಡಿಕೊಂಡಿರುತ್ತೇವೆ. ಒಂದು ಸಲ 'ತುಮಕೂರು' ಅಂತ ಇಟ್ಟಿದ್ದೆ. ಬಂದವರು ಆ ಪದವನ್ನು ತಾವಾಗಿ ಹೇಳಬೇಕು, ನೀವು ಕೇಳಿಕೊಡಬಾರದು. ಮುಖವನ್ನು ಫೋಟೋ ಜೊತೆ ಹೋಲಿಸಿ. ನೋಂದಣಿ ಕಾರ್ಡ್ ನೋಡಿ. ಕಾರಿನ ನಂಬರ್ ನೋಡಿ. ಇವುಗಳಲ್ಲಿ ಒಂದು ತಪ್ಪಿದರೂ ಹೊರಗೆ ಕಾಲಿಡಬೇಡಿ. ಟರ್ಮಿನಲ್ ಒಳಗೇ ಕೂತು ಕಂಪನಿಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿ. ಇದಕ್ಕೆ ಸಂಕೋಚ ಬೇಡ. ಒಳ್ಳೆಯ ಸಿಪಿಒ ಇದರಿಂದ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೇ ಕಾರ್ಡ್ ಮುಂದೆ ಹಿಡಿಯುತ್ತಾರೆ.

ಹೋಟೆಲ್ ಗೇಟಿಗೆ ಮೂರು ನಿಮಿಷ ಇದೆ ಅನ್ನುವಾಗಲೇ ಡ್ರೈವರ್ ಹೋಟೆಲ್‌ಗೆ ಫೋನ್ ಮಾಡಿ ಗೇಟ್ ತೆರೆಸಬೇಕು. ಕಾರು ಗೇಟಿನೆದುರು ನಿಲ್ಲಲೇಬಾರದು. ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿದರೆ ಹೋಟೆಲ್ ದಾಟಿ ಮುಂದೆ ಹೋಗಿಬಿಡಬೇಕು. ಇದನ್ನು ನಾನು ವಿಡಿಯೋ ಕಾಲ್‌ನಲ್ಲೇ ಹೇಳಿಬಿಡುತ್ತೇನೆ.

ಕಾರಿನೊಳಗೆ ನಿಮ್ಮ ಪಾಲು

ಸಿಗ್ನಲ್‌ಗೆ ಅಲ್ಲಿ 'ರೋಬಾಟ್' ಅನ್ನುತ್ತಾರೆ. ಒಳ್ಳೆಯ ಡ್ರೈವರ್ ಕೆಂಪು ದೀಪಕ್ಕೆ ಓಡಿಹೋಗಿ ನಿಲ್ಲುವುದಿಲ್ಲ. ದೂರದಿಂದಲೇ ವೇಗ ಇಳಿಸಿಕೊಂಡು, ಹಸಿರು ಬರುವ ಹೊತ್ತಿಗೆ ತಲುಪುತ್ತಾರೆ. ನಿಲ್ಲಲೇಬೇಕಾದರೆ ಮುಂದಿನ ಕಾರಿನ ಹಿಂದಿನ ಚಕ್ರ ನೆಲಕ್ಕೆ ತಾಗುವುದು ಕಾಣುವಷ್ಟು ಜಾಗ ಬಿಡುತ್ತಾರೆ, ತಿರುಗಿಸಿಕೊಂಡು ಹೊರಡಲು. ವೇಡ್‌ವಿಲ್ ದಾರಿಯಲ್ಲಿ ಒಂದು ಸಂಜೆ ಕರೆಂಟ್ ಹೋಗಿ ರೋಬಾಟ್‌ಗಳೆಲ್ಲ ಕೆಟ್ಟು ನಿಂತಿದ್ದವು. ನಮ್ಮ ಡ್ರೈವರ್ ಅಷ್ಟುದ್ದ ಸಾಲಿನಲ್ಲೂ ಆ ಅಂತರ ಕಾಯ್ದುಕೊಂಡೇ ಇದ್ದರು. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಡ್ರೈವರ್ ಕಣ್ಣು ಮಾತ್ರ ಮೂರು ಕನ್ನಡಿಗಳ ನಡುವೆ ಓಡಾಡುತ್ತಿತ್ತು. ಅವತ್ತು ನನಗೆ ಆ ಕಾರಿನಲ್ಲಿ ನಿದ್ದೆ ಬಂತು. ಅಷ್ಟು ನೆಮ್ಮದಿ.

ಆದರೆ ಎಂಥ ಸಿಪಿಒ ಇದ್ದರೂ ನಮ್ಮ ಕಡೆಯಿಂದ ಎಡವಟ್ಟಾದರೆ ಅವರೇನು ಮಾಡಲಾದೀತು? ಬ್ಯಾಗು ಡಿಕ್ಕಿಯಲ್ಲಿರಲಿ, ಸೀಟಿನ ಮೇಲೆ ಬೇಡ. ಫೋನ್ ಹಿಡಿದು ಕಿಟಕಿ ಪಕ್ಕ ಕೂರಬೇಡಿ. ಕಾರು ಲಾಕ್ ಮಾಡಿದ ಮೇಲೆ ಬಾಗಿಲನ್ನು ಕೈಯಿಂದ ಎಳೆದು ನೋಡಿ, ರಿಮೋಟ್ ಸಿಗ್ನಲ್ ತಡೆದು ಬಾಗಿಲು ತೆರೆದೇ ಉಳಿಯುವಂತೆ ಮಾಡುವ ಕಳ್ಳರಿದ್ದಾರೆ. ಎಲ್ಲಿದ್ದೇನೆ ಅಂತ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ, ವಾಪಸ್ ಬಂದ ಮೇಲೆ ಹಾಕಿ. ಹುಡುಗರಿಗೆ ನಾನು ಒತ್ತಿ ಹೇಳುವುದು ಇನ್ನೊಂದಿದೆ. ಸಿಪಿಒ "ಈಗ ಹೊರಡೋಣ" ಅಂದರೆ ಎದ್ದು ಹೊರಡಬೇಕು. ಗ್ರಾಹಕರು ಮಾತಾಡುತ್ತಿದ್ದರೂ ಸರಿ, ಊಟ ಅರ್ಧವಾಗಿದ್ದರೂ ಸರಿ. ಗ್ರಾಹಕರಿಗೆ ನಾನು ಮೊದಲೇ ಹೇಳಿರುತ್ತೇನೆ. ಇಷ್ಟರ ಮೇಲೂ ಯಾರಾದರೂ ಬಂದೂಕು ಹಿಡಿದು ಕೇಳಿದರೆ, ಕೇಳಿದ್ದನ್ನು ಕೊಟ್ಟುಬಿಡಿ. ಲ್ಯಾಪ್‌ಟಾಪ್ ಮತ್ತೆ ಕೊಳ್ಳಬಹುದು. ಪಾಸ್‌ಪೋರ್ಟ್ ಪ್ರತಿ ಒಂದು ಮೇಲ್‌ನಲ್ಲಿರಲಿ, ಕಾನ್ಸುಲೇಟ್ ನಂಬರ್ ಜೇಬಿನಲ್ಲಿ ಬರೆದ ಚೀಟಿಯಲ್ಲಿರಲಿ. ಫೋನೇ ಹೋದಾಗ ಫೋನಿನಲ್ಲಿರುವ ನಂಬರ್ ಏನು ಪ್ರಯೋಜನ?

ಕೊನೆಯ ದಿನ ಎಷ್ಟೋ ಜನ ದುಡ್ಡು ಉಳಿಸಲು ಹೋಗುತ್ತಾರೆ. ಮೀಟಿಂಗ್ ಮುಗಿಯಿತು, ಇನ್ನೇನು, ಟ್ಯಾಕ್ಸಿಯಲ್ಲಿ ಏರ್‌ಪೋರ್ಟ್‌ಗೆ ಹೋದರಾಯಿತು ಅಂತ. ಹಾಗೆ ಮಾಡಬೇಡಿ. ನಮ್ಮ ಒಪ್ಪಂದದಲ್ಲಿ ಕೆಲಸ ಮುಗಿಯುವುದು ನಮ್ಮವರು ಬೋರ್ಡಿಂಗ್ ಪಾಸ್ ತೋರಿಸಿ ಒಳಗೆ ಹೋದ ಮೇಲೆ. ಸಿಪಿಒ ಆ ಗೇಟಿನ ತನಕ ಬಂದು, ಒಳಗೆ ಹೋಗುವುದನ್ನು ಕಣ್ಣಾರೆ ನೋಡಿ, ಕಂಟ್ರೋಲ್ ರೂಮಿಗೂ ನನಗೂ ಮೆಸೇಜ್ ಹಾಕುತ್ತಾರೆ. ಅಲ್ಲಿ ಮಧ್ಯಾಹ್ನ ಎರಡಾದರೆ ಇಲ್ಲಿ ಐದೂವರೆ, ಪೀಣ್ಯದಲ್ಲಿ ಶಿಫ್ಟ್ ಬಿಡುವ ಹೊತ್ತು. ಮೆಸೇಜ್ ನೋಡಿದ ಮೇಲೆ ನಾನು ಆ ಹುಡುಗನ ಮನೆಗೆ ಫೋನ್ ಮಾಡುತ್ತೇನೆ.